ಸೇಬಿಗೂ ಗೋತ್ರವುಂಟು

ಮೈತುಂಬ ಹೂ ಬಿಟ್ಟ ಸೇಬಿನ ಮರ ಕಾಯಿ ಕಟ್ಟದೆ ನಿಂತರೆ ಮೊದಲು ಗೊಬ್ಬರದ ಮೇಲೆ ಅನುಮಾನ ಬರುತ್ತದೆ, ಆಮೇಲೆ ನೀರಿನ ಮೇಲೆ, ಕೊನೆಗೆ ಗಿಡ ಮಾರಿದ ನರ್ಸರಿಯ ಮೇಲೆ. ಪಕ್ಕದಲ್ಲಿರುವ ಮರ ಯಾವುದು ಎಂಬ ಪ್ರಶ್ನೆ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ತೋಟಗಾರಿಕೆಯ ಶಾಸ್ತ್ರಕ್ಕೂ ಅದು ಬಹುಕಾಲ ಹೊಳೆದಿರಲಿಲ್ಲ. ಹಣ್ಣಿನ ಮರಕ್ಕೆ ಹೊಂದುವ ಜೊತೆ ಬೇಕೆಂದು ಪ್ರಯೋಗದಿಂದ ಖಚಿತವಾದದ್ದು 19ನೇ ಶತಮಾನದ ಕೊನೆಯಲ್ಲಿ. ಅಲ್ಲಿಂದ ಈಚೆಗೆ ಪ್ರಶ್ನೆ ಮೂರು ರೂಪ ತಾಳಿದೆ: ಹತ್ತಿರದಲ್ಲಿ ಬೇರೆ ತಳಿ ಇದೆಯೇ? ಅದು ಇದರ ಜೊತೆಗೇ ಅರಳುತ್ತದೆಯೇ? ಎರಡರ ಜೀನುಗಳು ಹೊಂದುತ್ತವೆಯೇ? ಎರಡು ಮೂರು ಮರದ ಹಿತ್ತಲಿಗೆ ಈ ಮೂರಕ್ಕೂ ಉತ್ತರ ಬೇಕು. ಆಯ್ಕೆ ತಪ್ಪಿದರೆ ಸರಿಪಡಿಸಲು ಇನ್ನೊಂದು ಮರಕ್ಕೆ ಅಲ್ಲಿ ಜಾಗವಿರುವುದಿಲ್ಲ.

ಹೂವಿನ ಒಳಗೆ

ಸೇಬಿನ ಹೂ ಗೊಂಚಲಲ್ಲಿ ಬರುತ್ತದೆ, ಗೊಂಚಲಿಗೆ ಸಾಮಾನ್ಯವಾಗಿ ಐದಾರು. ನಡುವಿನ ಮೊಗ್ಗು ಮೊದಲು ಅರಳುತ್ತದೆ. ದೊಡ್ಡ ಹಣ್ಣಾಗುವುದು ಹೆಚ್ಚಾಗಿ ಅದೇ. ಪ್ರತಿ ಹೂವಿಗೂ ಐದು ಶಲಾಕಾಗ್ರ, ಬುಡದಲ್ಲಿ ಐದು ಕೋಣೆ, ಕೋಣೆಗೆ ಸಾಮಾನ್ಯವಾಗಿ ಎರಡು ಅಂಡಕ. ಎಲ್ಲವೂ ಫಲಿಸಿದರೆ ಹಣ್ಣಿನಲ್ಲಿ ಹತ್ತು ಬೀಜ. ಬೆಳೆಯುವ ಬೀಜವೇ ಹಾರ್ಮೋನು ಸುರಿಸಿ ಸುತ್ತಲಿನ ತಿರುಳನ್ನು ಹಿಗ್ಗಿಸುತ್ತದೆ. ಒಂದು ಪಕ್ಕ ಸೊಟ್ಟಗಿರುವ ಸೇಬನ್ನು ಅಡ್ಡ ಕೊಯ್ದು ನೋಡಿ: ಸೊರಗಿದ ಕಡೆಯ ಕೋಣೆ ಎಷ್ಟೋ ಸಲ ಖಾಲಿ, ಇಲ್ಲವೆ ಅಲ್ಲಿ ಜೊಳ್ಳು ಬೀಜ. ಪರಾಗಸ್ಪರ್ಶ ಎಷ್ಟರಮಟ್ಟಿಗೆ ಆಗಿದೆ ಎಂದು ತಿಳಿಯಲು ಅಡುಗೆಮನೆಯ ಚಾಕು ಸಾಕು.

ಬೇರೆ ಮರ ಸಾಲದು, ಬೇರೆ ತಳಿ ಬೇಕು

ತನ್ನದೇ ಪರಾಗವನ್ನು ಒಲ್ಲದ ಗಿಡಗಳಿವೆ ಎಂದು ಜರ್ಮನಿಯ ಕೋಲ್‌ರಾಯ್ಟರ್ 1760ರ ದಶಕದಲ್ಲೇ ಕಂಡಿದ್ದ. ಹೂವಿಗೂ ಕೀಟಕ್ಕೂ ಇರುವ ನಂಟನ್ನು ಸ್ಪ್ರೆಂಗೆಲ್ 1793ರಲ್ಲಿ ಗ್ರಂಥವಾಗಿ ಬರೆದ. ಡಾರ್ವಿನ್ 1876ರಲ್ಲಿ ಸ್ವಪರಾಗ ಮತ್ತು ಪರಪರಾಗದ ಫಲಗಳನ್ನು ಹೋಲಿಸಿ ದೊಡ್ಡ ಪುಸ್ತಕವನ್ನೇ ಹೊರತಂದ. ಆದರೂ ಹಣ್ಣಿನ ತೋಟದವರು ಇದನ್ನು ತಮ್ಮ ಸಂಗತಿ ಎಂದುಕೊಳ್ಳಲಿಲ್ಲ.

ಅದನ್ನು ತೋಟಕ್ಕೆ ತಂದವನು ಅಮೆರಿಕದ ಕೃಷಿ ಇಲಾಖೆಯ ಮೆರ್ಟನ್ ವೇಟ್. ವರ್ಜೀನಿಯಾದಲ್ಲಿ ಬಾರ್ಟ್‌ಲೆಟ್ ಎಂಬ ಒಂದೇ ತಳಿಯ ಪೇರ್ ಹಣ್ಣಿನ ದೊಡ್ಡ ತೋಟವೊಂದು ಹೂವೇನೋ ಬಿಡುತ್ತಿತ್ತು, ಫಸಲು ಮಾತ್ರ ಬರುತ್ತಿರಲಿಲ್ಲ. 1890ರ ದಶಕದಲ್ಲಿ ವೇಟ್ ಮೊಗ್ಗುಗಳಿಗೆ ಚೀಲ ಕಟ್ಟಿ, ಬೇರೆ ಬೇರೆ ಮರಗಳ ಪರಾಗವನ್ನು ಕೈಯಿಂದ ಮುಟ್ಟಿಸಿ ನೋಡಿದ. ಸಾಲಿನ ಆಚೆ ತುದಿಯ ಬಾರ್ಟ್‌ಲೆಟ್ ಮರದ ಪರಾಗವೂ ಕೆಲಸಕ್ಕೆ ಬರಲಿಲ್ಲ. ಬೇರೆ ತಳಿಯದು ಬಂದಾಗ ಕಾಯಿ ನಿಂತಿತು. ಕಾರಣ ಸರಳ. ಕಸಿಯಿಂದ ಬೆಳೆದ ಒಂದು ತಳಿಯ ಮರಗಳೆಲ್ಲ ಒಂದೇ ಮೂಲ ಮರದ ತುಂಡುಗಳು. ಸಾವಿರ ಮರ ನೆಟ್ಟರೂ ಪರಾಗದ ಲೆಕ್ಕದಲ್ಲಿ ಅದು ಒಂಟಿ ಮರವೇ. ಸೇಬಿನ ಹೆಚ್ಚಿನ ತಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಈ ಪಾಠವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಿಮಾಚಲವೇ ಸಾಕ್ಷಿ. ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಕೋಟ್‌ಗಢಕ್ಕೆ ತಂದ ರೆಡ್ ಡೆಲಿಷಿಯಸ್ ಆ ಬೆಟ್ಟಗಳ ಬದುಕನ್ನೇ ಬದಲಿಸಿತು. ಬೆಲೆ ಬಂದದ್ದು ಕೆಂಪು ಹಣ್ಣಿಗೆ. ಹಾಗಾಗಿ ಹಳದಿ, ಹುಳಿ ತಳಿಗಳು ಮೂಲೆಗೆ ಸರಿದವು. ಒಂದು ಭಾಗ ರಾಯಲ್, ಇನ್ನೊಂದು ಭಾಗ ರಿಚ್-ಎ-ರೆಡ್ ನೆಟ್ಟು ಎರಡು ತಳಿ ಹಾಕಿದೆವೆಂದು ಸಮಾಧಾನಪಟ್ಟವರೂ ಉಂಟು. ಆದರೆ ಇವೆರಡೂ ರೆಡ್ ಡೆಲಿಷಿಯಸ್‌ನ ಕೊಂಬೆಯಲ್ಲಿ ತಾನಾಗಿ ಮೂಡಿದ ಬಣ್ಣದ ಮಾರ್ಪಾಡುಗಳು. ಹೆಸರು ಬೇರೆ, ಪರಾಗದ ಗುಣ ಅದೇ. ಫಸಲು ಇಳಿದ ಮೇಲೆ ತಜ್ಞರು ತೋಟದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಪರಾಗದಾತ ಮರಗಳಿರಲಿ ಎಂದು ಹೇಳತೊಡಗಿದರು. ಗೋಲ್ಡನ್ ಡೆಲಿಷಿಯಸ್, ರೆಡ್ ಗೋಲ್ಡ್, ಟೈಡ್‌ಮನ್ಸ್ ಮತ್ತೆ ಸಾಲಿಗೆ ಬಂದವು. ಆ ಮರಗಳು ಬೆಳೆಯುವ ತನಕ ಹೂಬಿಟ್ಟ ಕೊಂಬೆಗಳನ್ನು ಕಡಿದು ತಂದು, ನೀರು ತುಂಬಿದ ಡಬ್ಬಿಯಲ್ಲಿಟ್ಟು ಡೆಲಿಷಿಯಸ್ ಮರಗಳಿಗೆ ನೇತುಹಾಕುವ ಉಪಾಯ ಅಲ್ಲಿ ಬಳಕೆಗೆ ಬಂತು. ಹೂವಿನ ಕಾಲಕ್ಕೆ ಜೇನುಪೆಟ್ಟಿಗೆ ಬಾಡಿಗೆಗೆ ತರುವ ರೂಢಿಯೂ ಬೆಳೆಯಿತು.

ಹೂವಿನ ಪಂಚಾಂಗ

ಬೇರೆ ತಳಿ ನೆಟ್ಟರೂ ಅದರ ಹೂ ಉದುರಿದ ಮೇಲೆ ಇದರದು ಅರಳಿದರೆ ಏನು ಪ್ರಯೋಜನ? ಇಂಗ್ಲೆಂಡಿನ ತೋಟಗಾರರು 20ನೇ ಶತಮಾನದಲ್ಲಿ ಈ ಪ್ರಶ್ನೆಯ ಹಿಂದೆ ಬಿದ್ದರು. ತಳಿಗಳು ಅರಳುವ ದಿನಗಳನ್ನು ವರ್ಷ ವರ್ಷ ಬರೆದಿಟ್ಟು, ಅವನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದೇ ಗುಂಪಿನ, ಅಥವಾ ಹಿಂದುಮುಂದಿನ ಗುಂಪಿನ ತಳಿಗಳನ್ನು ಜೊತೆ ಮಾಡಬಹುದು ಎಂಬುದು ಸೂತ್ರ. ಇಂದಿಗೂ ಅಲ್ಲಿನ ನರ್ಸರಿಯ ಚೀಟಿಯ ಮೇಲೆ ಆ ಗುಂಪಿನ ಗುರುತಿರುತ್ತದೆ. ಬೇಗ ಅರಳುವ ಇಡಾರೆಡ್‌ಗೂ ಬಹಳ ತಡವಾಗಿ ಅರಳುವ ಕೋರ್ಟ್ ಪೆಂಡು ಪ್ಲಾಗೂ ಜೋಡಿ ಕೂಡುವುದಿಲ್ಲ.

1960ರ ದಶಕದಲ್ಲಿ ಬ್ರಿಸ್ಟಲ್ ಬಳಿಯ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದ ಆರ್. ಆರ್. ವಿಲಿಯಮ್ಸ್ ಈ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿಸಿದರು. ಹೂ ಕಣ್ಣಿಗೆ ತಾಜಾ ಕಾಣುವಷ್ಟು ದಿನವೂ ಅದಕ್ಕೆ ಫಲಿಸುವ ಶಕ್ತಿ ಇರುವುದಿಲ್ಲ. ಪರಾಗ ಬಿದ್ದ ಮೇಲೆ ಅದರ ನಳಿಕೆ ಶಲಾಕೆಯೊಳಗೆ ಇಳಿದು ಅಂಡಕ ಮುಟ್ಟಬೇಕು, ಅಂಡಕ ಅಲ್ಲಿಯವರೆಗೆ ಬದುಕಿರಬೇಕು. ಅಂಡಕದ ಆಯಸ್ಸು ಎಂಟು ದಿನ, ನಳಿಕೆಯ ಪಯಣ ಐದು ದಿನ ಎಂದಾದರೆ, ಹೂವಿಗೆ ಉಳಿಯುವುದು ಮೊದಲ ಮೂರು ದಿನ ಮಾತ್ರ. ಚಳಿ ಹೆಚ್ಚಿದರೆ ನಳಿಕೆ ನಿಧಾನವಾಗಿ, ಆ ಮೂರು ದಿನವೂ ಕರಗುತ್ತದೆ. ‘ಒಟ್ಟಿಗೆ ಅರಳುವುದು’ ಎಂದರೆ ನಾಲ್ಕು ಹೂ ಒಂದೇ ಕಾಲಕ್ಕೆ ಕಾಣುವುದಲ್ಲ. ಒಂದರ ಮೊದಲ ದಿನಗಳಿಗೆ ಇನ್ನೊಂದರ ಪರಾಗ ಸಿದ್ಧವಿರುವುದು.

ಗೋತ್ರದ ಲೆಕ್ಕ

ಮೂರನೇ ಪ್ರಶ್ನೆಗೆ ಉತ್ತರ ಹುಡುಕಿದ್ದು ಆನುವಂಶಿಕ ಶಾಸ್ತ್ರ. ಸ್ವಿಟ್ಜರ್ಲೆಂಡಿನ ಕೋಬೆಲ್ ಮತ್ತು ಸಂಗಡಿಗರು 1939ರ ಹೊತ್ತಿಗೆ, ಯಾವ ಜೋಡಿ ಕೂಡುತ್ತದೆ ಯಾವುದು ಕೂಡದು ಎಂಬ ಬೆರಕೆ ಪ್ರಯೋಗಗಳಿಂದಲೇ, ಸೇಬಿನಲ್ಲಿ ಒಂದು ಜೀನಿನ 11 ಬಗೆಗಳನ್ನು ಗುರುತಿಸಿದರು. ಇದಕ್ಕೆ ಎಸ್ ಜೀನ್ ಎಂದು ಹೆಸರು. ನಮ್ಮಲ್ಲಿ ಸಗೋತ್ರದ ಸಂಬಂಧ ಬೇಡವೆನ್ನುವ ಹಾಗೆ, ತನ್ನದೇ ಎಸ್ ಗುರುತು ಹೊತ್ತು ಬಂದ ಪರಾಗವನ್ನು ಹೂ ಒಳಗೆ ಬಿಡುವುದಿಲ್ಲ. ಸಾಮಾನ್ಯ ಮರದಲ್ಲಿ ಎರಡು ಎಸ್ ಗುರುತುಗಳಿರುತ್ತವೆ. ಪ್ರತಿ ಪರಾಗ ಕಣ ಅವುಗಳಲ್ಲಿ ಒಂದನ್ನು ಮಾತ್ರ ಹೊರುತ್ತದೆ. ಆ ಒಂದು ಹೂವಿನ ಎರಡರಲ್ಲಿ ಯಾವುದಕ್ಕೆ ತಾಳೆಯಾದರೂ ಕಣದ ನಳಿಕೆ ಶಲಾಕೆಯ ನಡುದಾರಿಯಲ್ಲೇ ನಿಲ್ಲುತ್ತದೆ. ನಿಲ್ಲಿಸುವುದು ಆರ್‌ಎನ್‌ಎ ಕತ್ತರಿಸುವ ಕಿಣ್ವವೆಂದು ಅಲಂಕಾರಿಕ ತಂಬಾಕಿನ ಗಿಡದಲ್ಲಿ 1989ರಲ್ಲಿ ತಿಳಿಯಿತು. 1995ರಲ್ಲಿ ಬೆಲ್ಜಿಯಂನ ಬ್ರೂಥಾರ್ಟ್ಸ್ ಮತ್ತು ಸಂಗಡಿಗರು ಸೇಬಿನ ಎಸ್ ಜೀನುಗಳನ್ನೇ ಬೇರ್ಪಡಿಸಿದರು. ಅಲ್ಲಿಂದ ಮುಂದೆ ಹೂವಿಗೆ ಕಾಯದೆ, ಎಲೆಯ ಡಿಎನ್‌ಎ ನೋಡಿಯೇ ಗುರುತು ಹೇಳಬಹುದಾಯಿತು. 2004ರಲ್ಲಿ ಸುಮಾರು 150 ತಳಿಗಳ ಕೋಷ್ಟಕ ಹೊರಬಂತು.

ಗೋಲ್ಡನ್ ಡೆಲಿಷಿಯಸ್ ಒಂದನ್ನೇ ತೆಗೆದುಕೊಂಡು ಆ ಕೋಷ್ಟಕವನ್ನು ಓದೋಣ. ಅದರ ಗುರುತು ಎಸ್2, ಎಸ್3. ಕಾಕ್ಸ್ ತಳಿಯದು ಎಸ್5, ಎಸ್9. ಒಂದೂ ತಾಳೆಯಾಗದು, ಸಂಬಂಧ ಪೂರ್ತಿ ಕೂಡಿತು. ಗಾಲಾ ಗೋಲ್ಡನ್‌ನ ಮಗಳು, ಎಸ್2, ಎಸ್5. ಪರಾಗದಲ್ಲಿ ಅರ್ಧ ವ್ಯರ್ಥ, ಅರ್ಧ ಸಫಲ. ಜೇನಿನ ಓಡಾಟ ಚೆನ್ನಾಗಿದ್ದರೆ ಅರ್ಧವೂ ಸಾಕು. ಜೋನಾಗೋಲ್ಡ್ ಕೂಡ ಗೋಲ್ಡನ್‌ನ ಮಗಳೇ, ಆದರೆ ಎಸ್2, ಎಸ್3 ಎರಡನ್ನೂ ತಾಯಿಯಿಂದ ಪಡೆದು ಜೋನಾಥನ್‌ನ ಎಸ್9 ಕೂಡಿಸಿಕೊಂಡ ತ್ರಿಗುಣಿತ ಮರ. ಗೋಲ್ಡನ್‌ನ ಯಾವ ಪರಾಗ ಕಣವೂ ಅದರಲ್ಲಿ ಇಳಿಯದು. ಎರಡೂ ಒಟ್ಟಿಗೆ ಅರಳಿ, ಪಕ್ಕಪಕ್ಕವೇ ನಿಂತರೂ ಜೋನಾಗೋಲ್ಡ್‌ಗೆ ಇದರಿಂದ ಲಾಭವಿಲ್ಲ.

ತ್ರಿಗುಣಿತಗಳ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಸಾಮಾನ್ಯ ಸೇಬಿನ 34 ವರ್ಣತಂತುಗಳ ಬದಲು ಇವಕ್ಕೆ 51. ಸಮನಾಗಿ ಹಂಚಲು ಬಾರದ್ದರಿಂದ ಇವುಗಳ ಪರಾಗ ಹೆಚ್ಚಿನಂಶ ಜೊಳ್ಳು. ಬ್ರ್ಯಾಮ್ಲಿ, ಮುತ್ಸು, ಗ್ರಾವೆನ್‌ಸ್ಟೈನ್ ಈ ಜಾತಿಯವು. ಇವನ್ನು ನೆಡುವವರು ಎರಡು ಸಾಮಾನ್ಯ ತಳಿಗಳನ್ನು ಜೊತೆಗಿಡಬೇಕು, ಆ ಎರಡೂ ಪರಸ್ಪರ ಹೊಂದಬೇಕು.

ಹಿತ್ತಲಿನ ಆಯ್ಕೆ

ಈ ಮೂರೂ ತಿಳಿವಳಿಕೆಗಳಲ್ಲಿ ಹೊಸತು ಬಂದಾಗ ಹಳೆಯದು ಹೋಗಲಿಲ್ಲ. ಎಸ್ ಕೋಷ್ಟಕ ಲೋಕಕ್ಕೆಲ್ಲ ಒಂದೇ: ಗಾಲಾ ನ್ಯೂಜಿಲೆಂಡಿನಲ್ಲೂ ಶಿಮ್ಲಾದಲ್ಲೂ ಎಸ್2, ಎಸ್5. ಹೂವಿನ ಪಂಚಾಂಗ ಮಾತ್ರ ಊರಿಗೊಂದು. ಒಂದೊಂದು ತಳಿಗೆ ಬೇಕಾದ ಚಳಿ, ಆಮೇಲಿನ ಬಿಸಿ ಬೇರೆ ಬೇರೆ. ಚಳಿಗಾಲ ಬೆಚ್ಚಗಾದ ವರ್ಷ ಜೋಡಿ ತಳಿಗಳು ಒಂದೇ ಪ್ರಮಾಣದಲ್ಲಿ ಹಿಂದುಮುಂದಾಗುವುದಿಲ್ಲ. ಆದ್ದರಿಂದ ಗೋತ್ರವನ್ನು ಪುಸ್ತಕದಿಂದ ತಿಳಿಯಬಹುದು, ಮುಹೂರ್ತವನ್ನು ಪಕ್ಕದ ಬೀದಿಯ ಮರಗಳಿಂದಲೇ ತಿಳಿಯಬೇಕು.

ಜಾಗ ಸಾಲದವರಿಗೆ ಮೂರು ದಾರಿಗಳಿವೆ. ಮೊದಲನೆಯದು ಎಂ9ನಂಥ ಗಿಡ್ಡ ಬೇರುಕಾಂಡದ ಮೇಲೆ ಕಸಿ ಮಾಡಿದ ಎರಡು ಸಣ್ಣ ಮರ. ಎರಡನೆಯದು, ಇರುವ ಮರಕ್ಕೇ ಬೇರೆ ತಳಿಯ ಒಂದು ಕೊಂಬೆ ಕಸಿ ಕಟ್ಟುವುದು. ಆದರೆ ಗುರುತಿನ ಪಟ್ಟಿ ಕಟ್ಟದಿದ್ದರೆ ಸವರುವ ಕಾಲದಲ್ಲಿ ಕತ್ತರಿಗೆ ಮೊದಲು ಬಲಿಯಾಗುವುದು ಅದೇ. ಮೂರನೆಯದು ಕ್ರ್ಯಾಬ್ ಸೇಬು. ಹಣ್ಣು ಚಿಕ್ಕದು, ಹೂ ವಿಪರೀತ, ಹಲವು ದಿನ ಅರಳುತ್ತದೆ. ಅದರಲ್ಲೂ ಬಿಳಿ ಹೂವಿನ ಬಗೆ ಮೇಲು; ಜೇನುನೊಣ ಒಂದು ಬಣ್ಣ ಹಿಡಿದರೆ ಅದನ್ನೇ ಹುಡುಕಿಕೊಂಡು ಹೋಗುವ ಪ್ರಾಣಿ. ಜೊತೆ ಮರ ಹತ್ತಿಪ್ಪತ್ತು ಮೀಟರಿನೊಳಗಿರಲಿ. ನೆರೆಮನೆಯ ಮರವನ್ನೂ ಲೆಕ್ಕಕ್ಕೆ ಹಿಡಿಯಬಹುದು, ಅವರು ಅದನ್ನು ಕಡಿಯದಿದ್ದರೆ. ಹೂ ಅರಳಿದಾಗ ಕೀಟನಾಶಕ ಸಿಂಪಡಿಸಿದರೆ ಈ ಎಲ್ಲ ಲೆಕ್ಕವೂ ವ್ಯರ್ಥ.

ನಮ್ಮ ಬಯಲಿನಲ್ಲಿ

ಬೆಂಗಳೂರಿನ ಸುತ್ತ ಹಿಂದೆ ಬೆಳೆದ ಸೇಬು ರೋಮ್ ಬ್ಯೂಟಿ. ಓಹಾಯೋ ಮೂಲದ ಈ ತಳಿ ಸ್ವಂತ ಪರಾಗದಿಂದಲೂ ತಕ್ಕಮಟ್ಟಿಗೆ ಕಾಯಿ ಕಟ್ಟುತ್ತದೆ. ಜಾವಾದ ಬಟುವಿನಲ್ಲೂ ಇದೇ ನೆಲೆನಿಂತಿತು. ಈಗ ಕರ್ನಾಟಕದ ಉತ್ಸಾಹಿಗಳು ನೆಡುತ್ತಿರುವುದು ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್‌ಪುರದ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99. ಒಂದೇ ಗಿಡ ಸಾಕೆಂಬ ಮಾತನ್ನು ನಂಬಿ ಒಂದನ್ನೇ ಒಯ್ಯುವುದಕ್ಕಿಂತ ಅನ್ನಾ ಮತ್ತು ಡಾರ್ಸೆಟ್ ಗೋಲ್ಡನ್ ಜೋಡಿಯಾಗಿ ನೆಡುವುದು ಲೇಸು. ಕಡಿಮೆ ಚಳಿಯ ಸೀಮೆಗಳಲ್ಲಿ ಇದು ಪಳಗಿದ ಜೋಡಿ.

ಆದರೆ ಚಳಿಯೇ ಸಾಲದ ಕಡೆ ಮರ ಎಲೆ ಉದುರಿಸಿ ಮಲಗುವುದಿಲ್ಲ. ಬಟುವಿನ ರೈತರು ಕೊಯ್ಲಿನ ನಂತರ ಎಲೆಗಳನ್ನು ಕೈಯಿಂದಲೇ ಕಿತ್ತು ಮೊಗ್ಗೆಬ್ಬಿಸುತ್ತಾರೆ. ಹೀಗೆ ಎಲೆ ಕೀಳುವ ದಿನವೇ ಹೂವಿನ ದಿನವನ್ನು ಗೊತ್ತುಮಾಡುವುದರಿಂದ, ಶೀತ ದೇಶದ ತೋಟಗಾರನಿಗಿಲ್ಲದ ಒಂದು ಅನುಕೂಲ ಇಲ್ಲಿದೆ. ಮೊದಲ ವರ್ಷ ಎರಡೂ ಮರದ ಎಲೆಯನ್ನು ಒಂದೇ ದಿನ ಕೀಳಿ. ಯಾವುದು ಎಷ್ಟು ದಿನ ಮೊದಲು ಅರಳಿತೆಂದು ಬರೆದಿಡಿ. ಮರುವರ್ಷ ತಡವಾದ ಮರದ ಎಲೆಯನ್ನು ಅಷ್ಟು ದಿನ ಮುಂಚೆ ಕಿತ್ತರೆ, ಎರಡರ ಹೂವೂ ಒಂದೇ ವಾರಕ್ಕೆ ಬರುವ ಸಂಭವ ಹೆಚ್ಚು. ಮೂರನೇ ಗಿಡ ತರುವ ಯೋಚನೆ ಆ ಬರಹ ಕೈಯಲ್ಲಿದ್ದ ಮೇಲೆ ಮಾಡಿದರಾಯಿತು.