ಹೊಸಂಗಡಿಯ ಘಟ್ಟದ ಹಾದಿ

ವಿಹಾರಪ್ರಿಯರಾದ ವಾಚಕರು ರಾಜಮಾರ್ಗವನ್ನು ಬಿಟ್ಟು, ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳ ಮೇಲೆ ಘಟ್ಟವನ್ನೇರಿ ನಗರಕ್ಕೆ ಹೋಗುವ ಹಾದಿಯನ್ನು ಒಮ್ಮೆ ಹಿಡಿಯತಕ್ಕುದು. ಇಕ್ಕೆಲದ ದಟ್ಟಡವಿಯೂ ಮಳೆಗಾಲದ ಝರಿಗಳೂ ಕಣ್ಣಿಗೆ ಹಬ್ಬವೇ ಸರಿ. ಆದರೆ ಈ ಹಾದಿಯು ಕಣ್ಣಿನ ಸುಖಕ್ಕಾಗಿ ಹುಟ್ಟಿದುದಲ್ಲ.

ನಗರವೆಂಬುದು ಪೂರ್ವದ ಬಿದನೂರು. 1640ರ ಸುಮಾರಿಗೆ ಕೆಳದಿಯ ಅರಸರು ಇಕ್ಕೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಸುತ್ತಣ ಗುಡ್ಡಕಾಡುಗಳೇ ಪಟ್ಟಣಕ್ಕೆ ಹೊರಗೋಟೆಯಾದುವು. ಮಲೆನಾಡಿನ ಮೆಣಸು ಘಟ್ಟವಿಳಿದು ಬಸರೂರಿನ ಬಂದರಕ್ಕೂ, ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನೇರಿ ಮೇಲಕ್ಕೂ ಸಾಗಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಅದನ್ನು ಹೈದರನಗರವೆಂದು ಕರೆದನು. ಘಟ್ಟದ ಮೇಲಣ ಕಾವಲುಕೋಟೆ ಹೈದರಗಡವೆನಿಸಿತು. 1783ರ ಜನವರಿಯಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸನು ಕಾದಾಡುತ್ತ ಈ ಘಟ್ಟವನ್ನೇರಿ ನಗರವನ್ನು ಹಿಡಿದನು. ಅದೇ ವರ್ಷದ ಬೇಸಗೆಯಲ್ಲಿ ಟಿಪ್ಪು ಸುಲ್ತಾನನು ಅದನ್ನು ಮರಳಿ ಪಡೆದು ಅವನನ್ನು ಸೆರೆಯಲ್ಲಿಟ್ಟನು.

ಇಂದು ಬಾಳೆಬರೆಯ ತಿರುವುಗಳಲ್ಲಿ ವಾಹನಗಳು ಏರಿಳಿಯುತ್ತವೆ. ದೊರೆಗಳ, ದಂಡನಾಯಕರ ಹೆಸರನ್ನು ಗ್ರಂಥಗಳು ಉಳಿಸಿವೆ; ಉಪ್ಪಿನ ಹೇರನ್ನು ಹೊಡೆದುಕೊಂಡು ನಡೆದವನ ಹೆಸರು ಎಲ್ಲಿಯೂ ಇಲ್ಲ. ಆತನ ನೆನಪಿಗೆ ಉಳಿದುದು ಈ ಘಟ್ಟದ ಏರೊಂದೇ. ಅದನ್ನು ಮೆಲ್ಲಗೆ ಹತ್ತುವುದು ಲೇಸು.