ಮರ ಯಾರದು, ಹೊಣೆ ಯಾರದು? – ನಮ್ಮ ಬಾರಾಮಹಲಿನ ಒಂದು ಹಳೆಯ ಪ್ರಶ್ನೆ



ಅಶೋಕನು ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು. ಈ ಉತ್ತರ ಬರೆಯದೆ ಕನ್ನಡ ಮಾಧ್ಯಮದ ಯಾವ ಮಗುವೂ ಸಮಾಜ ವಿಜ್ಞಾನದ ಪರೀಕ್ಷೆ ದಾಟಿರಲಾರದು! ಒಂದು ಅಂಕದ ಉತ್ತರ ಅದು. ಆದರೆ ಅದರ ಮುಂದಿನ ಪ್ರಶ್ನೆಗಳನ್ನು ನಾವು ಕೇಳುವುದೇ ಇಲ್ಲ. ನೆಟ್ಟ ಮೇಲೆ ನೀರು ಹಾಕಿದವರು ಯಾರು? ಹಣ್ಣು ಯಾರಿಗೆ ಸೇರಿತು? ಕೊಂಬೆ ಬಿದ್ದು ಪೆಟ್ಟಾದರೆ ಹೊಣೆ ಯಾರದು? ರಸ್ತೆಯನ್ನೋ ಕಟ್ಟಡವನ್ನೋ ಕಟ್ಟುವಾಗ ಕಡಿಯಿರಿ ಎಂದು ಹೇಳುವ ಅಧಿಕಾರ ಯಾರದು? ನಾವಿರುವ ಕಾರಿಮಂಗಲಂ ಕಡೆಯ ಇತಿಹಾಸದಲ್ಲಿಯೇ ಇದಕ್ಕೆ ಬೇಕಾದಷ್ಟು ಉತ್ತರಗಳಿವೆ.

ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ಸಿಕ್ಕಿರುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ದಕ್ಷಿಣದ ನಂತರದ ದಾನಶಾಸನಗಳಲ್ಲಿ ಒಂದು ಪದ್ಧತಿ ಕಾಣುತ್ತದೆ. ಊರನ್ನು ದಾನ ಕೊಡುವಾಗ ಬರೀ ನೆಲ ಕೊಟ್ಟೆವು ಎಂದು ಬರೆಯುವುದಿಲ್ಲ. ನಿಧಿ, ನೀರು, ಕಲ್ಲು ಎಂದು ಹಕ್ಕುಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಎಷ್ಟೋ ಕಡೆ ಆ ಪಟ್ಟಿಯಲ್ಲಿ ತರು, ಅಂದರೆ ಮರವೂ ಬರುತ್ತದೆ. ನೆಲದ ಹಕ್ಕು ಬೇರೆ, ಮರದ ಹಕ್ಕು ಬೇರೆ ಎಂಬ ತಿಳಿವಳಿಕೆ ಅಷ್ಟು ಹಳೆಯದು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಟಿಪ್ಪುವಿನ ಕೈಯಿಂದ ಕಂಪನಿಗೆ ಹೋಯಿತು. ಅಲೆಕ್ಸಾಂಡರ್ ರೀಡ್ ಇಲ್ಲಿನ ಕಲೆಕ್ಟರ್ ಆದನು. ಅವನ ಸಹಾಯಕ ಥಾಮಸ್ ಮನ್ರೋ 1799ರವರೆಗೆ ಈ ಸೀಮೆಯಲ್ಲಿದ್ದು, ಧರ್ಮಪುರಿಯಲ್ಲಿ ವಾಸವಾಗಿದ್ದನು. ಹೊಲ ಹೊಲವನ್ನೂ ಅಳೆದು ರೈತನ ಹೆಸರಿನಲ್ಲಿಯೇ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ರೂಪುಗೊಂಡದ್ದು ಇಲ್ಲಿಯೇ. ಆಮೇಲೆ ಮನ್ರೋ ಕನ್ನಡ ಜಿಲ್ಲೆಗೆ, ಅಂದರೆ ಕೆನರಾಗೆ ಹೋದನು.

1806ರಲ್ಲಿ ಕಂಪನಿಯು ಹಡಗು ಕಟ್ಟುವ ತೇಗಕ್ಕಾಗಿ ಪಶ್ಚಿಮ ಕರಾವಳಿಯಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಕಾಡುಗಳ ಸಂರಕ್ಷಕನಾಗಿ ನೇಮಿಸಿತು. ತೇಗವೆಲ್ಲಾ ಸರ್ಕಾರದ್ದು ಎಂಬ ನಿಯಮದಿಂದ ಭೂಮಾಲೀಕರೂ ವ್ಯಾಪಾರಿಗಳೂ ಬಹಳ ಕಷ್ಟಪಟ್ಟರು, ದೂರುಗಳು ಬಂದವು. ಮದ್ರಾಸಿನ ಗವರ್ನರ್ ಆಗಿ ಬಂದ ಅದೇ ಮನ್ರೋ 1823ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದನು. ಜನರ ಕಷ್ಟವೇನೋ ತಪ್ಪಿತು, ಆದರೆ ಕಾಡಿಗೆ ಕಾವಲೂ ಹೋಯಿತು. 1856ರಲ್ಲಿ ಕ್ಲೆಗ್‌ಹಾರ್ನ್ ಮದ್ರಾಸಿನ ಅರಣ್ಯ ಸಂರಕ್ಷಕನಾಗಿ ಬಂದನು. 1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆಯೂ ಬಂದಿತು. ಎಲ್ಲವೂ ಸರ್ಕಾರದ್ದು ಎಂದರೂ ತೊಂದರೆ, ಯಾರೂ ನೋಡಿಕೊಳ್ಳದಿದ್ದರೂ ತೊಂದರೆ!

ಶ್ರೀಗಂಧದ ಕಥೆ ಇದಕ್ಕಿಂತ ಕಹಿ. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ಗಂಧವು ರಾಜವೃಕ್ಷವಾಯಿತು. ಮುಂದೆ ಬಂದ ಸರ್ಕಾರಗಳೂ ಅದನ್ನೇ ನಡೆಸಿಕೊಂಡು ಬಂದವು. ಗಿಡ ಹುಟ್ಟುವುದು ರೈತನ ಹೊಲದಲ್ಲಿ, ಕಾಯುವುದು ರೈತನ ಕೆಲಸ, ಮರ ಮಾತ್ರ ಸರ್ಕಾರದ್ದು. ಕಳ್ಳತನವಾದರೆ ವಿಚಾರಣೆಯೂ ರೈತನ ಮೇಲೆಯೇ. ಹೀಗಿರುವಾಗ ಬದುವಿನಲ್ಲಿ ತಾನಾಗಿಯೇ ಹುಟ್ಟಿದ ಗಂಧದ ಸಸಿಯನ್ನು ಕಿತ್ತೊಗೆಯುವುದೇ ಜಾಣತನವಾಯಿತು. ಕಳ್ಳಸಾಗಣೆ ಎಲ್ಲಿಗೆ ಮುಟ್ಟಿತು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದದ್ದು ಇದೇ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ. ಅದಕ್ಕೆ ಮೊದಲೇ, 2001ರಲ್ಲಿ ಕರ್ನಾಟಕವೂ 2002ರಲ್ಲಿ ತಮಿಳುನಾಡೂ ಕಾನೂನು ತಿದ್ದಿ, ಜಮೀನಿನ ಮಾಲೀಕನೇ ಗಂಧದ ಒಡೆಯ ಎಂದು ಒಪ್ಪಿಕೊಂಡವು. ಕಡಿಯಲು, ಸಾಗಿಸಲು ಇಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಈಗ ರೈತರು ಗಂಧವನ್ನು ಬೆಳೆಯಾಗಿ ನೆಡುತ್ತಿದ್ದಾರೆ.

ಇವೆರಡರ ನಡುವೆ ಒಂದು ಒಳ್ಳೆಯ ದಾರಿಯೂ ನಮ್ಮ ಕಡೆ ಇದೆ. ಅದು ಹುಣಸೆ ಮರದ ದಾರಿ. ತಮಿಳುನಾಡಿನ ಗ್ರಾಮ ಲೆಕ್ಕದಲ್ಲಿ 2ಸಿ ಪಟ್ಟಾ ಎಂಬುದೊಂದಿದೆ, ಮರ ಪಟ್ಟಾ ಎಂದರೂ ಅದೇ. ನೆಲ ಪೊರಂಬೋಕು, ಅಂದರೆ ಸರ್ಕಾರದ್ದು. ಮರದ ಫಲ ಮಾತ್ರ ಪಟ್ಟಾದಾರನದು. ಅವನು ಕಾಯಿ ಉದುರಿಸಬಹುದು, ಮರವನ್ನು ತನ್ನ ಇಷ್ಟದಂತೆ ಕಡಿಯುವಂತಿಲ್ಲ. ಫಲ ಕೈಗೆ ಬರುವವನು ಮರವನ್ನು ಒಣಗಲು ಬಿಡುವುದಿಲ್ಲವಲ್ಲ!

ಈಗ ರಸ್ತೆಯ ಮಾತಿಗೆ ಬರೋಣ. ಕಾರಿಮಂಗಲಂ ಮೇಲೆ ಹೋಗುವ ಕೃಷ್ಣಗಿರಿ–ಧರ್ಮಪುರಿ ಹೆದ್ದಾರಿ ನಾಲ್ಕು ಪಥವಾಯಿತು. ಮಳೆಗಾಲದಲ್ಲಿ ಆಸ್ಪತ್ರೆಗೆ ಓಡುವವರಿಗೆ ಅಗಲ ರಸ್ತೆ ಬೇಡವೇ? ಖಂಡಿತ ಬೇಕು. ಕಡಿಯುವ ಮೊದಲು ಯಾರಾದರೂ ಕೇಳಬೇಕು, ಕಡಿದ ಮೇಲೆ ಯಾರಾದರೂ ನೆಟ್ಟು ಬೆಳೆಸಬೇಕು, ನಾವು ಹೇಳುವುದು ಇಷ್ಟೇ. ಕರ್ನಾಟಕದಲ್ಲಿ ಇದಕ್ಕೆಂದೇ 1976ರ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಅದರಂತೆ ಖಾಸಗಿ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು (ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಉಂಟು). ಕಡಿದವರು ಬದಲಿ ಗಿಡ ನೆಡಬೇಕು. ತಮಿಳುನಾಡಿನಲ್ಲಿ ಬೆಟ್ಟ ಪ್ರದೇಶಗಳಿಗೆ 1955ರ ಕಾಯಿದೆ ಇದ್ದರೆ, ಸರ್ಕಾರಿ ಜಾಗದ ಮರಗಳನ್ನು ನೋಡಲು 2021ರಲ್ಲಿ ಕಲೆಕ್ಟರ್ ಅಧ್ಯಕ್ಷತೆಯ ಜಿಲ್ಲಾ ಹಸಿರು ಸಮಿತಿಗಳು ಬಂದವು.

ಸಾಲುಮರದ ತಿಮ್ಮಕ್ಕ ಅವರನ್ನು ಮಕ್ಕಳೆಲ್ಲಾ ಬಲ್ಲರು. ಅವರೂ ಪತಿ ಚಿಕ್ಕಯ್ಯನವರೂ ಹುಲಿಕಲ್–ಕುದೂರು ರಸ್ತೆಯಲ್ಲಿ ಬೆಳೆಸಿದ 385 ಆಲದ ಮರಗಳ ನೆಲ ಅವರದಾಗಿರಲಿಲ್ಲ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಸಂದರ್ಭ ಬಂದಾಗ, ತಿಮ್ಮಕ್ಕ ಸರ್ಕಾರಕ್ಕೆ ಮೊರೆ ಇಟ್ಟರು. ಮರ ಉಳಿಸುವ ಭರವಸೆ ಸಿಕ್ಕಿತು. ಕಾಗದದಲ್ಲಿ ಹಕ್ಕಿಲ್ಲದವರ ಮಾತಿಗೆ ಆ ಬೆಲೆ ಬಂದದ್ದು ಎಲ್ಲಿಂದ? ಅವರು ಹೊತ್ತ ನೀರಿನಿಂದ!

ಇನ್ನೊಂದು ಬದಿಯನ್ನೂ ಮರೆಯಬಾರದು. ಬೀಳುವಂತಿರುವ ಮರದಿಂದ ಜನರಿಗೆ ಅಪಾಯವಿದ್ದರೆ, ಅದರ ಸ್ವಾಧೀನವಿರುವವರಿಗೆ ಆದೇಶ ಕೊಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ 152ನೇ ಕಲಂ. ಆದರೆ ಗಮನಿಸಿ, ಆ ಕಲಂ ಮರವನ್ನು ತೆಗೆಯಿರಿ ಎಂದಷ್ಟೇ ಹೇಳುವುದಿಲ್ಲ, ಆಸರೆ ಕೊಡಿ ಎಂದೂ ಹೇಳುತ್ತದೆ. ಅಪಾಯ ಎಂದ ಕೂಡಲೇ ಕೊಡಲಿ ಹುಡುಕಬೇಕಾಗಿಲ್ಲ.

ಇದು ನಮ್ಮ ಶಾಲೆಗಳಿಗೂ ಸೇರಿದ ಮಾತು. ಹೊಸ ಕೊಠಡಿ ಮಂಜೂರಾದಾಗ ಮೊದಲು ಹೋಗುವುದು ಅಂಗಳದ ಬೇವು ಅಥವಾ ಹೊಂಗೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಶಾಲಾ ನಿರ್ವಹಣಾ ಸಮಿತಿ, ಅದರಲ್ಲಿ ಮುಕ್ಕಾಲು ಪಾಲು ತಂದೆ ತಾಯಿಯರೇ ಇರುತ್ತಾರೆ. ಆ ಯೋಜನೆಯಲ್ಲಿ ಕೊಠಡಿ, ಶೌಚಾಲಯಗಳ ಜೊತೆಗೆ ಅಂಗಳದ ಮರಗಳ ಪಟ್ಟಿಯೂ ಇರಲಿ. ಯಾವ ಮರ, ಎಲ್ಲಿದೆ, ಒಣ ಕೊಂಬೆ ಇದೆಯೇ, ಈ ವರ್ಷ ನೋಡಿಕೊಳ್ಳುವ ತರಗತಿ ಯಾವುದು – ಇಷ್ಟು ಬರೆದರೆ ಸಾಕು. ಎಂಜಿನಿಯರ್ ಬಂದು ಸುಣ್ಣದ ಗೆರೆ ಎಳೆಯುವ ಮೊದಲು ಆ ಪಟ್ಟಿ ಅವರ ಕೈಗೆ ಸಿಗಲಿ. ನಾಲ್ಕು ಅಡಿ ಸರಿದರೆ ಕೊಠಡಿಯೂ ಆಗುತ್ತದೆ, ಮರವೂ ಉಳಿಯುತ್ತದೆ.

ಮುಂದಿನ ಸಲ ಅಶೋಕನ ಪಾಠ ಮಾಡುವಾಗ ಆ ಒಂದು ಅಂಕದ ಉತ್ತರಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿ ನೋಡಿ: ನಮ್ಮ ಶಾಲೆಯ ಮರಕ್ಕೆ ಈ ವರ್ಷ ಹೊಣೆ ಯಾರು?