ಹಾಲಿನ ಜಾಡಿನಲ್ಲಿ ಸಿಕ್ಕ ಸ್ವಿಚ್ಚು

ಸ್ತನ ಕ್ಯಾನ್ಸರ್ ಹೇಗೆ ಹುಟ್ಟುತ್ತದೆಂದು ಇಲಿಗಳಲ್ಲಿ ಹುಡುಕುವ ಕೆಲಸದ ಆರಂಭದ ಕೆಲವು ಗಟ್ಟಿ ದಾಖಲೆಗಳು ಸಿಕ್ಕಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಊರಿನ ಇಲಿ ಫಾರ್ಮಿನಲ್ಲಿ. ಹಿಂದೆ ಶಾಲಾ ಶಿಕ್ಷಕಿಯಾಗಿದ್ದ ಆಬಿ ಲ್ಯಾಥ್ರಾಪ್ ಅಲ್ಲಿ ಹುಲ್ಲು ತುಂಬಿದ ಮರದ ಪೆಟ್ಟಿಗೆಗಳಲ್ಲಿ ಇಲಿಗಳನ್ನು ಸಾಕಿ, ಮೊದಲು ಮುದ್ದಿಗೆ ಸಾಕುವವರಿಗೆ, ಆಮೇಲೆ ಪ್ರಯೋಗಾಲಯಗಳಿಗೆ ಮಾರುತ್ತಿದ್ದರು. 1908ರ ಸುಮಾರಿಗೆ ಕೆಲವು ಇಲಿಗಳ ಮೈಮೇಲೆ ಗಂಟುಗಳು ಕಂಡವು. ರೋಗಶಾಸ್ತ್ರಜ್ಞ ಲಿಯೊ ಲೋಬ್ ಅವು ಕ್ಯಾನ್ಸರ್ ಎಂದರು. ಲ್ಯಾಥ್ರಾಪ್ ಬರೆದಿಟ್ಟಿದ್ದ ವಂಶಾವಳಿಯ ಬಲದಿಂದ ಇಬ್ಬರೂ ಸೇರಿ, ಕೆಲವು ತಳಿಗಳಲ್ಲಿ ಸ್ತನದ ಗಡ್ಡೆ ಹೆಚ್ಚೆಂದೂ ಅಂಡಾಶಯ ತೆಗೆದರೆ ಅದು ತಗ್ಗುತ್ತದೆಂದೂ ತೋರಿಸಿದರು. ಆಕೆಗೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿ ಸಂದಿಲ್ಲ.

ಆಮೇಲೆ ಅಮೆರಿಕದ ಬಾರ್ ಹಾರ್ಬರ್‌ನ ಜ್ಯಾಕ್ಸನ್ ಪ್ರಯೋಗಾಲಯದ ಜಾನ್ ಬಿಟ್ನರ್, ಹೀಗೆ ಗಡ್ಡೆ ಹೆಚ್ಚಾಗಿ ಬರುವ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ ರೋಗ ವಿರಳವಾದ ತಳಿಯ ತಾಯಿಯ ಮಡಿಲಿಗೆ ಹಾಕಿದರು. ಸಾಕುತಾಯಿಯ ಹಾಲು ಕುಡಿದು ಬೆಳೆದ ಮರಿಗಳಲ್ಲಿ ಗಡ್ಡೆ ಬಹಳ ಕಡಿಮೆಯಾಯಿತು. ಇದು ಪ್ರಕಟವಾದದ್ದು 1936ರಲ್ಲಿ. ಹಾಲಿನಲ್ಲಿ ಹರಿದು ಬರುತ್ತಿದ್ದುದು ವೈರಸ್ ಎಂದು ಮುಂದೆ ಖಚಿತವಾಯಿತು.

ಈ ವೈರಸ್ಸಿನ ಆನುವಂಶಿಕ ವಸ್ತುವಿನಲ್ಲಿ ಸ್ವಿಚ್ಚಿನಂಥ ಒಂದು ತುಣುಕಿದೆ. ಹಾರ್ಮೋನು ಏರಿದಾಗ ಅದು ಸ್ತನಗ್ರಂಥಿಯಲ್ಲಿ ಚುರುಕಾಗುತ್ತದೆ. ಹಾರ್ವರ್ಡ್‌ನಲ್ಲಿ ಫಿಲಿಪ್ ಲೆಡರ್ ಮತ್ತು ಸಂಗಡಿಗರು ಆ ಸ್ವಿಚ್ಚನ್ನು 'ಮಿಕ್' ಎಂಬ ಕ್ಯಾನ್ಸರ್ ಜೀನ್‌ಗೆ ಜೋಡಿಸಿ, ಆಗತಾನೇ ಫಲಿತವಾದ ಇಲಿಯ ಅಂಡಕ್ಕೆ ತೀರಾ ಸಪೂರವಾದ ಗಾಜಿನ ಸೂಜಿಯಿಂದ ಚುಚ್ಚಿ ಸೇರಿಸಿದರು. ಹೀಗೆ ಹುಟ್ಟಿದ ಕೆಲವು ವಂಶಗಳ ಹೆಣ್ಣಿಲಿಗಳಿಗೆ ಮೊದಲ ಬಸಿರುಗಳ ಹೊತ್ತಿಗೇ ಗಡ್ಡೆ ಬಂದದ್ದನ್ನು 1984ರಲ್ಲಿ ವರದಿ ಮಾಡಿದರು. ಜೀನ್ ಮೈಯ ಪ್ರತಿ ಕೋಶದಲ್ಲೂ ಇತ್ತು. ಗಡ್ಡೆ ಎದ್ದದ್ದು ಮಾತ್ರ ಗ್ರಂಥಿಯ ಒಂದೆರಡು ಕಡೆ. 1987ರಲ್ಲಿ 'ರಾಸ್' ಎಂಬ ಇನ್ನೊಂದು ಕ್ಯಾನ್ಸರ್ ಜೀನನ್ನೂ ಕೂಡಿಸಿದಾಗ ರೋಗ ಬೇಗ ಬಂತು, ಆದರೂ ಇಡೀ ಗ್ರಂಥಿ ಕೆಡಲಿಲ್ಲ. ಒಂದರ ಮೇಲೊಂದು ಪೆಟ್ಟು ಬಿದ್ದ ಮೇಲೆಯೇ ಕೋಶ ದಾರಿ ತಪ್ಪುತ್ತದೆ ಎಂಬ ಊಹೆಗೆ ಜೀವಂತ ಪ್ರಾಣಿಯಲ್ಲಿ ಸಿಕ್ಕ ಈ ಪುರಾವೆ ಬಹು ದೊಡ್ಡದು. 1988ರಲ್ಲಿ 'ಆಂಕೊಮೌಸ್' ಹೆಸರಿನ ಈ ಬಗೆಯ ಇಲಿಗೆ ಅಮೆರಿಕ ಪೇಟೆಂಟ್ ಕೊಟ್ಟಿತು. ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲಿ ನಿರಾಕರಿಸಿತು.

ಜೀನ್ ಕೂಡಿಸುವುದಕ್ಕಿಂತ ಕಳೆಯುವುದು ಕಷ್ಟವಾಯಿತು. ಬಿಆರ್‌ಸಿಎ1 ಜೀನ್‌ನ ಒಂದು ಪ್ರತಿ ಕೆಟ್ಟು ಹುಟ್ಟಿದ ಹೆಂಗಸಿಗೆ ಸ್ತನ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು. ಒಂದು ಪ್ರತಿ ಕೆಟ್ಟ ಇಲಿಗೆ ಹಾಗೇನೂ ಆಗಲಿಲ್ಲ. ಎರಡೂ ಕೆಟ್ಟ ಮರಿಗಳು ಗರ್ಭದಲ್ಲೇ ಸತ್ತವು. 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದೇ ವೈರಸ್ಸಿನ ಸ್ವಿಚ್ಚು, ಜೊತೆಗೆ ಹಾಲಿನ ಒಂದು ಪ್ರೋಟೀನಿನ ಸ್ವಿಚ್ಚು ಬಳಸಿ, ಆ ಜೀನನ್ನು ಮುಖ್ಯವಾಗಿ ಸ್ತನಗ್ರಂಥಿಯಲ್ಲೇ ಕತ್ತರಿಸಲಾಯಿತು. ಇಲಿಗಳು ಬದುಕಿದವು. ಗಡ್ಡೆ ಬಂದದ್ದು ತೀರಾ ತಡವಾಗಿ, ಅದೂ ಕೆಲವಕ್ಕಷ್ಟೇ; ಗಡ್ಡೆಯನ್ನು ತಡೆಯುವ ಪಿ53 ಎಂಬ ಜೀನ್‌ನ ಒಂದು ಪ್ರತಿಯನ್ನೂ ತೆಗೆದಾಗ ಬೇಗ ಬಂತು.